ಸಂಬಳವಿಲ್ಲದೆ ದುಡಿದದ್ದೂ ಅನುಭವವೇ: ಅರ್ಜಿಯಲ್ಲಿ ಬರೆಯುವುದು ಹೇಗೆ?



ಊರ ಡೇರಿಯಲ್ಲಿ ಹಾಲು ಪರೀಕ್ಷಕರ ಕೆಲಸ ಖಾಲಿ ಬೀಳುತ್ತದೆ. ಸಂಜೀವಿನಿ ಒಕ್ಕೂಟಕ್ಕೆ ಮುಖ್ಯ ಪುಸ್ತಕ ಬರಹಗಾರರು ಬೇಕೆಂದು ಪಂಚಾಯಿತಿಯಲ್ಲಿ ಚೀಟಿ ಅಂಟಿಸುತ್ತಾರೆ. ಪೇಟೆಯ ಪಶು ಆಹಾರದ ಅಂಗಡಿಗೆ ಲೆಕ್ಕ ಬರೆಯುವವರು ಬೇಕಾಗುತ್ತಾರೆ. ನಮ್ಮ ಹೆಣ್ಣುಮಕ್ಕಳು ಅರ್ಜಿ ತಂದು ಹೆಸರು, ವಿಳಾಸ, ಓದು ಎಲ್ಲವನ್ನೂ ತುಂಬುತ್ತಾರೆ. 'ಅನುಭವ' ಎಂಬ ಜಾಗಕ್ಕೆ ಬಂದಾಗ 'ಇಲ್ಲ' ಎಂದು ಬರೆದುಬಿಡುತ್ತಾರೆ.

ಹಾಗೆ ಬರೆದವರಲ್ಲಿ ವರ್ಷಗಟ್ಟಲೆ ಸ್ತ್ರೀಶಕ್ತಿ ಗುಂಪಿನ ಲೆಕ್ಕ ಇಟ್ಟವರಿರುತ್ತಾರೆ. ಡೇರಿಯ ಆಡಳಿತ ಮಂಡಳಿಯಲ್ಲಿ ಕೂತು ನಿರ್ಣಯಕ್ಕೆ ಸಹಿ ಹಾಕಿದವರಿರುತ್ತಾರೆ. ಶಾಲೆಯ ಎಸ್‌ಡಿಎಂಸಿಯಲ್ಲಿ ಓಡಾಡಿದವರಿರುತ್ತಾರೆ. ಕೈಗೆ ಸಂಬಳ ಬರಲಿಲ್ಲ, ನಿಜ. ಆದರೆ ಕೆಲಸ ಕಲಿತದ್ದು ಸುಳ್ಳೇ? ಆ ಜಾಗವನ್ನು ಖಾಲಿ ಬಿಟ್ಟರೆ ಓದುವವರಿಗೆ ನಿಮ್ಮ ಕೈಕೆಲಸ ಕಾಣುವುದೇ ಇಲ್ಲ. ಸಿಗಬಹುದಾದ ಕೆಲಸ ಬೇರೆಯವರ ಪಾಲಾಗುತ್ತದೆ.

ಯಾವುದು ಅನುಭವ?

ಸ್ವಸಹಾಯ ಗುಂಪು: ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದದ್ದು 2000-01ರಲ್ಲಿ. ಗುಂಪಿನ ಪಂಚಸೂತ್ರ ನಿಮಗೆ ಗೊತ್ತೇ ಇದೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಈ ಐದನ್ನೂ ನಡೆಸಿದವರು ಲೆಕ್ಕ ಬರೆಯುವುದು, ಬ್ಯಾಂಕ್ ವ್ಯವಹಾರ, ಸಾಲ ವಸೂಲಿ ಮೂರನ್ನೂ ಮಾಡಿದ್ದಾರೆ.

ಡೇರಿ: ಕೇಂದ್ರ ಸರ್ಕಾರ 1986-87ರಲ್ಲಿ ತಂದ 'ಸ್ಟೆಪ್' ಯೋಜನೆಯ ಬೆಂಬಲದಿಂದ ನಮ್ಮ ರಾಜ್ಯದಲ್ಲಿ ಅನೇಕ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. ಇಂಥ ಸಂಘದ ನಿರ್ದೇಶಕಿಯಾಗಿದ್ದವರಿಗೆ ಸಭೆ ನಡೆಸುವುದು, ಖರ್ಚಿಗೆ ಮಂಜೂರಾತಿ ಕೊಡುವುದು, ಆಡಿಟ್ ವರದಿಗೆ ಉತ್ತರಿಸುವುದು ತಿಳಿದಿರುತ್ತದೆ. ಕಾರ್ಯದರ್ಶಿ ರಜೆ ಹಾಕಿದಾಗ ಹಾಲು ಅಳೆದು, ಫ್ಯಾಟ್, ಎಸ್‌ಎನ್‌ಎಫ್ ನೋಡಿದ್ದರೆ ಅದೂ ಸೇರಲಿ. ಬ್ಯುಟಿರೋಮೀಟರಿಗೆ 10 ಮಿ.ಲೀ. ಆಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಎಂದು ಬಾಯಲ್ಲಿ ಹೇಳಬಲ್ಲವರಿಗೆ ಪರೀಕ್ಷಕರ ಕೆಲಸ ಹೊಸದಲ್ಲ.

ಊರ ಕೆಲಸ: ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಮನೆಮನೆಯ ರಾಸುಗಳ ಪಟ್ಟಿ ಮಾಡಿಕೊಟ್ಟದ್ದು 'ಪಶು ಸಖಿ' ಕೆಲಸಕ್ಕೆ ಅರ್ಜಿ ಹಾಕುವಾಗ ಬಲ ಕೊಡುತ್ತದೆ.

ಓದುವ ಮಗಳಿದ್ದರೆ: ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ ಇರುತ್ತದೆ. ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಇಡದೆ ಅರ್ಜಿಗೆ ಲಗತ್ತಿಸಲಿ. ಎನ್‌ಸಿಸಿಯಂತೂ ಕೆಲವು ಕಡೆ ಅಂಕವನ್ನೇ ತರುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯ ಪ್ರಕಟಣೆಗಳಲ್ಲಿ 'ಸಿ' ಪ್ರಮಾಣಪತ್ರಕ್ಕೆ ಶೇ 5, 'ಬಿ'ಗೆ ಶೇ 3, 'ಎ'ಗೆ ಶೇ 2 ಬೋನಸ್ ಅಂಕ ಕೊಟ್ಟಿದ್ದಾರೆ.

ಹುದ್ದೆಯ ಹೆಸರು ಸಾಲದು

'ಸಂಘದ ಸದಸ್ಯೆ' ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ: ಎಲ್ಲಿ ಮಾಡಿದಿರಿ? ಎಷ್ಟು ಕಾಲ? ಏನು ಮಾಡಿದಿರಿ? ಎಷ್ಟು ಪ್ರಮಾಣದಲ್ಲಿ?

'ಎಷ್ಟು' ಎಂಬುದು ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಗುಂಪಿನಲ್ಲಿ 15 ಜನ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ ಎಂದುಕೊಳ್ಳಿ. ವಾರಕ್ಕೆ 750, ವರ್ಷಕ್ಕೆ 39,000, ಆರು ವರ್ಷಕ್ಕೆ 2,34,000 ರೂಪಾಯಿ ಆಯಿತು. ಕೊಟ್ಟ ಸಾಲ, ಬಂದ ಬಡ್ಡಿ ಇನ್ನೂ ಬೇರೆ. ಆಗ ಅರ್ಜಿಯಲ್ಲಿ ಹೀಗೆ ಬರೆಯಬಹುದು:

"15 ಸದಸ್ಯೆಯರ ಸ್ವಸಹಾಯ ಗುಂಪಿನಲ್ಲಿ 6 ವರ್ಷ ಲೆಕ್ಕ ಬರೆದಿದ್ದೇನೆ (ಗೌರವ ಸೇವೆ). ಈ ಅವಧಿಯ ಉಳಿತಾಯ 2,34,000 ರೂಪಾಯಿ. ನಗದು ಪುಸ್ತಕ, ಸಾಲದ ಖಾತೆ, ನಡಾವಳಿ ಪುಸ್ತಕ ನಾನೇ ಬರೆಯುತ್ತಿದ್ದೆ. ಬ್ಯಾಂಕ್ ವ್ಯವಹಾರವನ್ನೂ ನೋಡಿಕೊಂಡಿದ್ದೇನೆ."

ಇದು ಮಾದರಿ ಮಾತ್ರ. ನಿಮ್ಮ ಗುಂಪಿನ ಅಂಕಿ ಹಾಕಿಕೊಳ್ಳಿ. ಯಾವ ಕೆಲಸಕ್ಕೆ ಅರ್ಜಿಯೋ ಅದಕ್ಕೆ ಹೊಂದುವುದನ್ನು ಮೊದಲು ಬರೆಯಿರಿ. ಲೆಕ್ಕದ ಕೆಲಸಕ್ಕೆ ಪುಸ್ತಕ ನಿರ್ವಹಣೆ ಮೇಲಿರಲಿ, ಪಶು ಸಖಿಗೆ ರಾಸು ಸಾಕಿದ ಅನುಭವ, ಲಸಿಕೆ ಕೆಲಸ, ಮೇವಿನ ತರಬೇತಿ ಮೇಲಿರಲಿ.

ಆಧಾರ ಇಟ್ಟುಕೊಳ್ಳಿ

ಸಂಬಳದ ಕೆಲಸಕ್ಕೆ ಸಂಬಳದ ಚೀಟಿ ಸಾಕ್ಷಿ. ಗೌರವ ಸೇವೆಗೆ ಕಾಗದ ನಾವೇ ಮಾಡಿಸಿಕೊಳ್ಳಬೇಕು.

- ಡೇರಿಯ ಅಥವಾ ಒಕ್ಕೂಟದ ಲೆಟರ್‌ಹೆಡ್‌ನಲ್ಲಿ ದೃಢೀಕರಣ ಪತ್ರ ಕೇಳಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ ಎಂಬುದು ಅದರಲ್ಲಿರಲಿ. ಸಹಿಯ ಜೊತೆ ಮೊಹರೂ ಇರಬೇಕು.
- ನಿಮ್ಮ ಸಹಿ ಇರುವ ನಡಾವಳಿಯ ಪುಟ, ನೀವು ಬರೆದ ಲೆಕ್ಕದ ಪುಟಗಳ ನಕಲು ತೆಗೆಸಿ. ಬೇರೆ ಸದಸ್ಯರ ಸಾಲದ ವಿವರ ಹೊರಗೆ ಹೋಗದಂತೆ ನೋಡಿಕೊಳ್ಳಿ.
- ಹಾಲು ಒಕ್ಕೂಟ, ಪಶುಪಾಲನಾ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ ಕೊಟ್ಟ ತರಬೇತಿ ಪ್ರಮಾಣಪತ್ರಗಳನ್ನು ಒಂದೇ ಫೈಲಿಗೆ ಹಾಕಿ.

ಪದಾಧಿಕಾರಿಗಳು ಬದಲಾದ ಮೇಲೆ ಪತ್ರ ಸಿಗುವುದು ಕಷ್ಟ. ಅವಧಿ ಮುಗಿಯುವ ಮೊದಲೇ ಪಡೆಯಿರಿ.

ಸಂದರ್ಶನಕ್ಕೆ ಹೋದಾಗ

"ಎಲ್ಲರೂ ಸೇರಿ ಮಾಡಿದೆವು" ಎನ್ನುವುದು ನಮ್ಮ ರೂಢಿ. ಅದು ಒಳ್ಳೆಯ ಗುಣವೇ. ಆದರೆ ಸಂದರ್ಶನದಲ್ಲಿ ಕೇಳುವುದು ನಿಮ್ಮ ಬಗ್ಗೆ. "ಸಾಲ ಕಟ್ಟದೆ ಇದ್ದ ಸದಸ್ಯೆಯ ಮನೆಗೆ ನಾನೇ ಹೋದೆ, ಕಂತು ಚಿಕ್ಕದು ಮಾಡೋಣವೆಂದು ಸಭೆಗೆ ಹೇಳಿದೆ, ಹಣ ಬಂತು" ಎಂಬಂಥ ಒಂದು ನಡೆದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. "ಸಂಬಳ ಎಷ್ಟಿತ್ತು?" ಎಂದರೆ ತಲೆ ತಗ್ಗಿಸಬೇಡಿ. "ಗೌರವ ಸೇವೆ" ಎಂದು ನೇರವಾಗಿ ಹೇಳಿ.

ಎರಡು ಎಚ್ಚರಿಕೆ

ಮೊದಲನೆಯದು, ಇಲ್ಲದ್ದನ್ನು ಸೇರಿಸಬೇಡಿ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ, ಅರ್ಜಿಗೆ ಬೆರೆಸಿದರೆ ಎರಡನೇ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಎರಡು ವರ್ಷ ಮಾಡಿದ್ದರೆ ಎರಡೇ ಬರೆಯಿರಿ.

ಎರಡನೆಯದು, ಗೌರವ ಸೇವೆ ಎಲ್ಲ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಬರೀ ಪರೀಕ್ಷೆಯ ಅಂಕದ ಮೇಲೆ ಆಯ್ಕೆ ಮಾಡುವ ಸರ್ಕಾರಿ ಹುದ್ದೆಗೆ ಇದರಿಂದ ಅಂಕ ಸಿಗದು. ಅಲ್ಲಿ ಓದಿಗೇ ಸಮಯ ಕೊಡಿ. ಸಂಘ ಸಂಸ್ಥೆ, ಒಕ್ಕೂಟ, ಖಾಸಗಿ ಅಂಗಡಿ, ಕಂಪನಿಗಳಲ್ಲಿ ಮಾತುಕತೆಯ ಮೇಲೆ ಆಯ್ಕೆಯಾಗುವಾಗ ಇದರ ಬೆಲೆ ಹೆಚ್ಚು. ಪ್ರಕಟಣೆಯನ್ನು ಪೂರ್ತಿ ಓದಿಯೇ ಅರ್ಜಿ ಹಾಕಿ.

ಈ ವಾರ ಒಂದು ಸಂಜೆ, ಹಾಲು ಹಾಕಿ ಬಂದ ಮೇಲೆ ಒಂದು ನೋಟ್‌ಬುಕ್ ತೆಗೆದು, ಇದುವರೆಗೆ ಸಂಬಳವಿಲ್ಲದೆ ಮಾಡಿದ ಕೆಲಸಗಳನ್ನು ಇಸವಿ ಸಮೇತ ಬರೆಯಿರಿ. ಮಗಳಿದ್ದರೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳದನ್ನೂ ಬರೆಸಿ. ಮುಂದಿನ ಬಟವಾಡೆಯ ದಿನ ಡೇರಿಗೆ ಹೋದಾಗ ದೃಢೀಕರಣ ಪತ್ರವನ್ನು ಕೇಳಿ ಪಡೆಯಿರಿ.