ಚಾರ್ಜ್ ಲಿಸ್ಟಿನಲ್ಲಿ ಸಿಗದ ಕೆರೆ

ಹಿರಿಯ ಪೊಲೀಸ್ ಅಧಿಕಾರಿಗಳ ವರ್ಗಾವಣೆ ಆದೇಶ ಹೊರಬಿದ್ದಾಗ ಜನ ಮೊದಲು ಹುಡುಕುವುದು ಬೆಂಗಳೂರಿಗೆ ಕಮಿಷನರ್ ಯಾರಾದರು, ತಮ್ಮ ಜಿಲ್ಲೆಗೆ ಯಾವ ಎಸ್‌ಪಿ ಬಂದರು ಅಂತ. ಅದೇ ಪಟ್ಟಿಯ ಕೆಳಗೆಲ್ಲೋ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಹೊಸ ಮಹಾನಿರ್ದೇಶಕರ ಹೆಸರೂ ಇರುತ್ತದೆ. ಅದನ್ನು ಓದಿ ಯಾರೂ ಪಕ್ಕದವರಿಗೆ ತೋರಿಸುವುದಿಲ್ಲ. ಪತ್ರಕರ್ತರ ಹರಟೆಯಲ್ಲಿ ಅದು ‘ಮೂಲೆಗೆ ತಳ್ಳಿದ’ ಹುದ್ದೆ. ರಾಜ್ಯದ ಯಾವ ಮೂಲೆಯಲ್ಲಿ ಬೆಂಕಿ ಬಿದ್ದರೂ ಓಡಬೇಕಾದ ಇಲಾಖೆಯ ಮುಖ್ಯಸ್ಥರ ಕುರ್ಚಿಯನ್ನು ಮೂಲೆ ಎಂದು ಕರೆಯುವ ಈ ರೂಢಿಯೇ ನನಗೆ ಅರ್ಧ ಸಮಸ್ಯೆಯಂತೆ ಕಾಣುತ್ತದೆ.

ನಮ್ಮಲ್ಲಿ ಅಗ್ನಿಶಾಮಕ ದಳ ನಗರಸಭೆಯದ್ದಲ್ಲ, ರಾಜ್ಯ ಸರ್ಕಾರದ್ದು. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಅದರ ಬುನಾದಿ. ಮುಂಬೈಯಲ್ಲಿ ಹಾಗಲ್ಲ. ಅಲ್ಲಿ ದಳ ಮಹಾನಗರ ಪಾಲಿಕೆಯದ್ದು, ಅದರ ಮುಖ್ಯಸ್ಥರು ಅದೇ ದಳದಲ್ಲಿ ಹೊಗೆ ಕುಡಿದು ಮೇಲೆ ಬಂದವರು. ಇಲ್ಲಿ ಅಗ್ನಿಶಾಮಕನಾಗಿ ಸೇರಿದವರು ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ ಎಂದು ಮೆಟ್ಟಿಲು ಹತ್ತಬಹುದು. ತುದಿಯ ಕುರ್ಚಿ ಮಾತ್ರ ಐಪಿಎಸ್ ಅಧಿಕಾರಿಗೆ ಮೀಸಲು, ಜೊತೆಗೆ ಗೃಹರಕ್ಷಕ ದಳ, ಪೌರರಕ್ಷಣೆಯ ಹೊಣೆಯೂ ಅವರದ್ದೇ. ಪೊಲೀಸ್ ಮುಖ್ಯಸ್ಥರಿಗೆ, ಎಸ್‌ಪಿಗಳಿಗೆ, ಠಾಣೆಯ ಇನ್‌ಸ್ಪೆಕ್ಟರಿಗೂ ಕನಿಷ್ಠ ಎರಡು ವರ್ಷದ ಅವಧಿ ಬೇಕೆಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಬೆಂಕಿ ಆರಿಸುವವರ ಪರವಾಗಿ ಅಂಥ ತೀರ್ಪಿಲ್ಲ. ಎರಡು ಬೇಸಿಗೆ ಕಾಣುವ ಮೊದಲೇ ಕುರ್ಚಿ ಬದಲಾದರೆ ಯಾರೂ ಹುಬ್ಬೇರಿಸುವುದಿಲ್ಲ.

ಮೇಲಿನವರು ಬದಲಾದರೆ ತಾಲ್ಲೂಕಿಗೇನು ಎಂದು ಕೇಳಬಹುದು. ದುಡ್ಡಿನ ವಿಷಯದಲ್ಲಿ ಬಹಳವಿದೆ. ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಲು, ಸುಧಾರಿಸಲು 15ನೇ ಹಣಕಾಸು ಆಯೋಗ 5,000 ಕೋಟಿ ರೂಪಾಯಿ ತೆಗೆದಿಟ್ಟಿತು. ಅದರಲ್ಲಿ ಪಾಲು ಬೇಕಾದರೆ ರಾಜ್ಯಗಳು ಯೋಜನೆ ಬರೆಯಬೇಕು, ತಮ್ಮ ಕಡೆಯಿಂದಲೂ ಹಾಕಬೇಕು, ಕಡತದ ಹಿಂದೆ ಬೀಳಬೇಕು. ಹಿಂದೆ ಬೀಳುವವರು ನಡುವೆ ಎದ್ದು ಹೋದರೆ ಕಡತ ಅಲ್ಲೇ ಕೂರುತ್ತದೆ. ಆದರೆ ನನ್ನ ಕಳವಳ ಇರುವುದು ಇನ್ನೂ ಕೆಳಗಿನ ಮೆಟ್ಟಿಲಿನ ಬಗ್ಗೆ. ಪತ್ರಿಕೆಯಲ್ಲಿ ಹೆಸರೂ ಬಾರದೆ ಬದಲಾಗುವ ತಾಲ್ಲೂಕಿನ ಠಾಣಾಧಿಕಾರಿ.

ಅವರ ಬದಲಾವಣೆಯ ಬೆಲೆ ತಿಳಿಯಲು ಮೊದಲು ಬೇಸಿಗೆಯ ಲೆಕ್ಕ ನೋಡಿ. ರೂಢಿಯಲ್ಲಿ ಅದು ಯುಗಾದಿಯ ಆಸುಪಾಸಿಗೆ ಬಂದರೂ ಬೆಂಕಿಯ ಮಟ್ಟಿಗೆ ಫೆಬ್ರುವರಿಯಲ್ಲೇ ಶುರು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆ ಹೊತ್ತಿ 92 ಜನ, ಹೆಚ್ಚಿನವರು ಮಕ್ಕಳು, ಸತ್ತದ್ದು 1981ರ ಫೆಬ್ರುವರಿ 7ರಂದು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಹೋದದ್ದು 2010ರ ಫೆಬ್ರುವರಿ 23. ಬಂಡೀಪುರದಲ್ಲಿ ಕಾಳ್ಗಿಚ್ಚಿಗೆ ಎದುರಾಗಿ ಅರಣ್ಯ ರಕ್ಷಕ ಮುರುಗೆಪ್ಪ ತಮ್ಮನಗೋಳ ಪ್ರಾಣ ಬಿಟ್ಟದ್ದು 2017ರ ಫೆಬ್ರುವರಿ. ಬೆಳ್ಳಂದೂರು ಕೆರೆ ಹೊತ್ತಿ ಉರಿದು ದೇಶವೇ ತಿರುಗಿ ನೋಡಿದ್ದೂ ಅದೇ ತಿಂಗಳು. 2019ರಲ್ಲಿ ಬಂಡೀಪುರ ಮತ್ತೆ ಉರಿದಾಗ ವಾಯುಪಡೆಯ ಹೆಲಿಕಾಪ್ಟರು ನೀರು ಹೊತ್ತು ಬಂದದ್ದೂ ಫೆಬ್ರುವರಿಯ ಕೊನೆಗೆ. ಇವೆಲ್ಲವಕ್ಕೂ ಬಿಸಿಲೇ ಕಾರಣ ಎನ್ನಲಾಗದು. ಕಾರ್ಲ್‌ಟನ್‌ನಲ್ಲಿ ಕೊಂದದ್ದು ವಿದ್ಯುತ್ ಕೇಬಲಿನ ಕೊಳವೆದಾರಿಯಿಂದ ಮೇಲೆದ್ದ ಹೊಗೆ ಮತ್ತು ತೆರೆಯದ ಬಾಗಿಲು. ಆದರೂ ಮಾರ್ಚ್‌ನಲ್ಲಿ ಸಭೆ ಕರೆದು ‘ಬೇಸಿಗೆ ಮುನ್ನೆಚ್ಚರಿಕೆ’ ಎಂದು ಸುತ್ತೋಲೆ ಹೊರಡಿಸುವ ನಮ್ಮ ಅಭ್ಯಾಸ ಒಂದು ತಿಂಗಳು ತಡ.

ಸಾರ್ವತ್ರಿಕ ವರ್ಗಾವಣೆಯ ಕಾಲವಾದರೋ ಮೇ, ಜೂನ್. ಒಂದು ದೃಷ್ಟಿಯಲ್ಲಿ ಇದು ಒಳ್ಳೆಯದೇ: ಬೇಸಿಗೆಯ ನಡುವೆ ಠಾಣೆಯಲ್ಲಿ ಗೊಂದಲವಿಲ್ಲ, ಹೊಸಬರಿಗೆ ಕಲಿಯಲು ಮಳೆಗಾಲವಿದೆ. ಆದರೆ ಈ ಬೇಸಿಗೆ ಕಲಿಸಿದ್ದನ್ನು ತಲೆಯಲ್ಲಿಟ್ಟುಕೊಂಡವರು ಮುಂದಿನ ಬೇಸಿಗೆಗೆ ಬೇರೆ ಜಿಲ್ಲೆಯಲ್ಲಿರುತ್ತಾರೆ. ಹೊಸಬರು ಬಂದು ಚಾರ್ಜ್ ತೆಗೆದುಕೊಳ್ಳುವಾಗ ಹೋಸು, ನಳಿಕೆ, ಹೆಲ್ಮೆಟ್ಟು, ಏಣಿ, ಪಂಪು ಎಲ್ಲವನ್ನೂ ಎಣಿಸಿ ರುಜು ಹಾಕುತ್ತಾರೆ. ನೀರಿನ ಮೂಲಗಳ ಪಟ್ಟಿಯೂ ಕೈಗೆ ಬರಬಹುದು. ಆ ಪಟ್ಟಿಯ ಕೆರೆಯಲ್ಲಿ ಏಪ್ರಿಲ್‌ನಲ್ಲಿ ನೀರು ಉಳಿಯುತ್ತದೆಯೇ, ಅದರ ಏರಿಯ ಮೇಲೆ ಭಾರದ ವಾಹನ ತಿರುಗುತ್ತದೆಯೇ, ರೈಸ್ ಮಿಲ್ಲಿನ ತೊಟ್ಟಿಯ ಗೇಟಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಎಂಬುದು ಮಾತ್ರ ಯಾವ ಲಿಸ್ಟಿನಲ್ಲೂ ಇರುವುದಿಲ್ಲ.

ಇದು ಸಣ್ಣ ವಿಷಯವಲ್ಲ ಎಂದು ಗೊತ್ತಾಗಬೇಕಾದರೆ ಒಂದು ಬಣವೆ ಉರಿಯುವುದನ್ನು ನೋಡಬೇಕು. ಬೇಸಿಗೆಯಲ್ಲಿ ಹಳ್ಳಿ ಕಡೆಯಿಂದ ಠಾಣೆಗೆ ಮತ್ತೆ ಮತ್ತೆ ಬರುವ ಕರೆ ಇದೇ. ನಮ್ಮ ರೈತರು ಮೆದೆ ಒಟ್ಟುವ ಕಲೆಯೇ ಮಳೆನೀರು ಒಳಗಿಳಿಯದಂತೆ ಜಾರಿಸುವ ಕಲೆ. ಮೇಲಿನ ಪದರ ಹೊರಕ್ಕೆ ಇಳಿಜಾರಾಗಿರುತ್ತದೆ, ನೆತ್ತಿ ಚೂಪಾಗಿರುತ್ತದೆ. ಬೆಂಕಿ ಬಿದ್ದ ದಿನ ಆ ಜಾಣತನವೇ ತಿರುಗಿ ನಿಲ್ಲುತ್ತದೆ. ಹೋಸಿನಿಂದ ಬಿಟ್ಟ ನೀರೂ ಮಳೆಯ ಹಾಗೆ ಜಾರಿ ನೆಲ ಸೇರುತ್ತದೆ, ಒಳಗೆ ಕೆಂಡ ಕೂತೇ ಇರುತ್ತದೆ. ಹೊರಗೆ ಆರಿತು ಎಂದು ದಳ ಹಿಂದಿರುಗಿದರೆ ಬೆಳಗಿನ ಜಾವಕ್ಕೆ ಗಾಳಿ ಎದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೊಕ್ಕೆಯಲ್ಲೋ ಜೆಸಿಬಿಯಲ್ಲೋ ಪದರ ಪದರ ಎಳೆದು ಹರಡಿ ತೋಯಿಸಬೇಕು. ಗಂಟೆಗಟ್ಟಲೆ ಕೆಲಸ. ಒಂದು ಜಲವಾಹನದಲ್ಲಿ ಸಾಮಾನ್ಯವಾಗಿ ಇರುವುದು 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಹನ್ನೊಂದನೇ ನಿಮಿಷಕ್ಕೆ ನೀರೆಲ್ಲಿ?

‘ಪಕ್ಕದಲ್ಲೇ ಬಾವಿ ಇದೆಯಲ್ಲ, ಅದಕ್ಕೆ ಪೈಪು ಬಿಡಿ’ ಎಂದು ನೆರೆದವರು ಕೂಗುತ್ತಾರೆ. ಬಾವಿಯಲ್ಲಿ ನೀರು ಕಾಣುತ್ತಲೂ ಇರುತ್ತದೆ. ಆದರೆ ಮೇಲೆ ನಿಂತ ಪಂಪು ಹೀರಬಲ್ಲ ಆಳ ಏಳು ಮೀಟರಿನ ಸುತ್ತಮುತ್ತ. ಅದಕ್ಕಿಂತ ಕೆಳಗಿನದನ್ನು ಮೇಲಿನಿಂದ ಹೀರಿ ಎತ್ತಲಾಗದು. ವಾತಾವರಣದ ಒತ್ತಡ ಒಪ್ಪುವುದೇ ಅಷ್ಟಕ್ಕೆ. ಬೇಸಿಗೆಯಲ್ಲಿ ಬಾವಿಯ ನೀರು ಇನ್ನೂ ಕೆಳಕ್ಕೆ ಹೋಗಿರುತ್ತದೆ. ಆಗ ಕೆಲಸಕ್ಕೆ ಬರುವುದು ರೈತರ ಬೋರ್‌ವೆಲ್, ಅದೂ ಆ ಹೊತ್ತಿಗೆ ಮೂರು ಫೇಸ್ ಕರೆಂಟು ಇದ್ದರೆ. ಯಾರ ತೋಟದಲ್ಲಿ ಸಂಜೆ ತೊಟ್ಟಿ ತುಂಬಿರುತ್ತದೆ, ಯಾವ ಲೈನ್‌ಮ್ಯಾನ್‌ಗೆ ಫೋನ್ ಮಾಡಿದರೆ ಕರೆಂಟು ಬರುತ್ತದೆ ಎಂದು ಬಲ್ಲ ಠಾಣಾಧಿಕಾರಿಗೂ ನಿನ್ನೆ ಬಂದವರಿಗೂ ಇರುವ ವ್ಯತ್ಯಾಸ ಆ ಹನ್ನೊಂದನೇ ನಿಮಿಷದಲ್ಲಿ ತಿಳಿಯುತ್ತದೆ.

ಕರೆಂಟಿನ ಮಾತು ಬಂತಲ್ಲ. ಎಷ್ಟೋ ಬಣವೆ, ಎಷ್ಟೋ ಎಕರೆ ಕಬ್ಬು ಉರಿಯಲು ಬೀಡಿ ತುಂಡೊಂದೇ ಕಾರಣವಲ್ಲ. ಬಿಸಿಲಿಗೆ ತಂತಿ ಹಿಗ್ಗಿ ಇನ್ನಷ್ಟು ಜೋತುಬೀಳುತ್ತದೆ. ಸಂಜೆ ಗಾಳಿಗೆ ಎರಡು ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರಿದರೆ ಕೆಳಗೆ ಕಬ್ಬಿನ ಎಲೆ, ಮಂಡ್ಯದವರ ತರಗೋ ಬೆಳಗಾವಿಯವರ ರವದಿಯೋ, ಒಣಗಿ ಕಾದಿರುತ್ತದೆ. ಹೀಗಾಗಿ ಆರಿಸುವುದು ಅಗ್ನಿಶಾಮಕದ ಕೆಲಸ, ಕಿಡಿ ಬೀಳದಂತೆ ನೋಡುವುದು ಎಸ್ಕಾಂ ಕೆಲಸ, ಗುಡ್ಡಕ್ಕೆ ಹಬ್ಬಿದರೆ ಅರಣ್ಯ ಇಲಾಖೆಯ ಕೆಲಸ, ಗೋಮಾಳವಾದರೆ ಯಾರ ಕೆಲಸವೋ ಆ ದೇವರೇ ಬಲ್ಲ. ಬೆಂಕಿಗೆ ಮಾತ್ರ ಸರ್ವೇ ನಂಬರು ಗೊತ್ತಿರುವುದಿಲ್ಲ. ಈ ಮೂರು ಇಲಾಖೆಯ ತಾಲ್ಲೂಕು ಅಧಿಕಾರಿಗಳು ಫೆಬ್ರುವರಿಗೆ ಮುಂಚೆ ಒಂದೇ ಜೀಪಿನಲ್ಲಿ ಕಾಡಂಚು ಸುತ್ತಿದರೆ ಅದೇ ನಿಜವಾದ ಮುನ್ನೆಚ್ಚರಿಕೆ ಸಭೆ. ಬಣವೆಯನ್ನು ತಂತಿಯ ಕೆಳಗೆ ಒಟ್ಟಬೇಡಿ, ಮನೆಗೂ ಕೊಟ್ಟಿಗೆಗೂ ಅಂಟಿಸಿ ಒಟ್ಟಬೇಡಿ ಎಂದು ರೈತರಿಗೆ ಹೇಳುವುದು ಸುಲಭ. ಜೋತುಬಿದ್ದ ತಂತಿ ಎಳೆದು ಕಟ್ಟಲು ಅದೇ ರೈತ ಎಷ್ಟು ಸಲ ಅರ್ಜಿ ಕೊಟ್ಟಿದ್ದಾನೆಂದು ಕೇಳುವುದು ಕಷ್ಟ.

ಠಾಣೆಯ ಗಂಟೆ ಬಾರಿಸಿದಾಗಲೆಲ್ಲ ಬೆಂಕಿಯೇ ಎಂದೂ ಇಲ್ಲ. ಶಾಲೆಗೆ ರಜೆ ಬಿದ್ದೊಡನೆ ಇನ್ನೊಂದು ಬಗೆಯ ಕರೆ ಬರುತ್ತದೆ, ಈಜಲು ಹೋದ ಹುಡುಗರದ್ದು. ಕೆರೆ, ಕಾಲುವೆ, ಕಲ್ಲುಕ್ವಾರಿಯ ಹೊಂಡ ಹಳೆಯ ಅಪಾಯಗಳು. ಈಗ ಕೃಷಿ ಹೊಂಡವೂ ಸೇರಿದೆ. ಒಣಭೂಮಿಯ ರೈತನಿಗೆ ಅದು ವರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಿರಲಿ ಎಂದು ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಕಟ್ಟಿದರೆ ಇಳಿಜಾರಿನ ಗೋಡೆಯ ಮೇಲೆ ಕಾಲು ನಿಲ್ಲದು, ಕೈಗೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಈಜು ಬಲ್ಲ ದೊಡ್ಡವರೂ ಹತ್ತಲಾರದೆ ಸೋಲುತ್ತಾರೆ. ಅವರನ್ನು ಎತ್ತಲು ಇಳಿದವರೂ ಮುಳುಗುತ್ತಾರೆ. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟರೆ, ಒಂದು ಹಳೆಯ ಟ್ಯೂಬು ತೇಲಿಸಿಟ್ಟರೆ ಆಗುವ ಖರ್ಚು ಒಂದು ಚೀಲ ಗೊಬ್ಬರದಷ್ಟೂ ಇಲ್ಲ. ಬೇಲಿ ಹಾಕಿದರೆ ಇನ್ನೂ ಒಳ್ಳೆಯದು. ಹೊಂಡ ಮಂಜೂರು ಮಾಡುವ ಕೃಷಿ ಇಲಾಖೆಯವರೂ ಹೆಣ ಎತ್ತಲು ಬರುವ ಅಗ್ನಿಶಾಮಕದವರೂ ಹೊಂಡದ ದಡದಲ್ಲಿ ಮೊದಲೇ ಒಮ್ಮೆ ಭೇಟಿಯಾಗಬೇಕಿತ್ತು.

ಪಟ್ಟಣದ ಬೇಸಿಗೆ ಬೇರೆ. ಅಲ್ಲಿ ಏಸಿಯನ್ನು ಟಿವಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುತ್ತಾರೆ. ಅದಕ್ಕೆ ಬೇಕಾದದ್ದು ಪ್ರತ್ಯೇಕ ವೈರಿನ 16 ಆಂಪ್ ಸಾಕೆಟ್ಟು. ಗ್ಯಾಸ್ ಸೋರಿದ ವಾಸನೆ ಬಂದೊಡನೆ ದೀಪ ಹಾಕಿ ನೋಡುತ್ತಾರೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಕೂರುತ್ತದೆ. ಆಗ ಸ್ವಿಚ್ಚು ಹಾಕುವುದೂ ತಪ್ಪು, ಆರಿಸುವುದೂ ತಪ್ಪು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಇನ್ನು ಅಪಾರ್ಟ್‌ಮೆಂಟಿನ ತಾರಸಿ ಬಾಗಿಲು. ಕಳ್ಳರು, ಪ್ರೇಮಿಗಳು, ನೀರಿನ ಟ್ಯಾಂಕು ಅಂತ ಸಂಘದವರು ನೂರು ಕಾರಣ ಹೇಳಿ ಬೀಗ ಜಡಿಯುತ್ತಾರೆ. ಬೆಂಗಳೂರಿನ ದಳದ ಬಳಿ 90 ಮೀಟರ್ ಎತ್ತರದ ಏಣಿ ಇದೆಯೆಂದು ಹೆಮ್ಮೆಪಡುತ್ತೇವೆ. ಆ ವಾಹನ ತಿರುಗಿ ನಿಲ್ಲಬೇಕಾದ ಜಾಗದಲ್ಲಿ ಎರಡು ಸಾಲು ಕಾರು ನಿಲ್ಲಿಸಿರುತ್ತೇವೆ. ಕಾರ್ಲ್‌ಟನ್ ದುರಂತದ ಬಳಿಕ ಸಂತ್ರಸ್ತರ ಕುಟುಂಬದವರೇ ‘ಬಿಯಾಂಡ್ ಕಾರ್ಲ್‌ಟನ್’ ಕಟ್ಟಿಕೊಂಡು ಈ ಮಾತನ್ನೇ ಹೇಳುತ್ತ ಬಂದಿದ್ದಾರೆ. ಕೇಳಿಸಿಕೊಂಡ ಸಂಘಗಳು ಎಷ್ಟೋ.

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ಬೆಂಕಿ ಆರಿಸುತ್ತಿದ್ದ 66 ಮಂದಿ ಅಗ್ನಿಶಾಮಕರು ಸತ್ತರು. ಆ ಹಡಗಿನ ಕಥೆ ಬಣವೆಯದ್ದರಿಂದ ದೂರವಿಲ್ಲ. ಹತ್ತಿಯ ಮೂಟೆಗಳ ಒಳಗೆಲ್ಲೋ ಕೆಂಡ ಕೂತಿತ್ತು, ಟನ್ನುಗಟ್ಟಲೆ ನೀರು ಸುರಿದರೂ ಮೂಲ ಸಿಗಲಿಲ್ಲ, ಅದೇ ಹಡಗಿನಲ್ಲಿ ಸಿಡಿಮದ್ದಿತ್ತು. ಹಡಗನ್ನು ಮುಳುಗಿಸಬೇಕೇ, ಸಮುದ್ರಕ್ಕೆ ಎಳೆಯಬೇಕೇ, ಅಲ್ಲೇ ಆರಿಸಬೇಕೇ ಎಂದು ಖಡಾಖಂಡಿತವಾಗಿ ಹೇಳುವ ಒಬ್ಬ ಅಧಿಕಾರಿ ಅಲ್ಲಿರಲಿಲ್ಲ. ಬಂದರಿನವರು, ಸೇನೆಯವರು, ಹಡಗಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ನಿರ್ಧಾರ ಮಾಡಲು ಏನೂ ಉಳಿಯಲಿಲ್ಲ.

ಆ ಸಪ್ತಾಹವನ್ನು ನಾವು ಆಚರಿಸುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಕರಪತ್ರ, ಮೆರವಣಿಗೆ, ಶಾಲೆಯಲ್ಲಿ ಪ್ರಾತ್ಯಕ್ಷಿಕೆ. ಆದರೆ ಏಪ್ರಿಲ್ ಎರಡನೇ ವಾರಕ್ಕೆ ನಮ್ಮ ಶಾಲೆಗಳಿಗೆ ರಜೆ ಬಿದ್ದಿರುತ್ತದೆ, 14 ಅಂಬೇಡ್ಕರ್ ಜಯಂತಿ. ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ, ಕೃಷಿ ಹೊಂಡದ ಪಕ್ಕದಲ್ಲೇ ಇರುವಾಗ ನಾವು ಖಾಲಿ ಶಾಲೆಯ ಗೇಟು ತಟ್ಟುತ್ತೇವೆ. ಶಾಲೆಗೆ ಹೋಗುವುದಾದರೆ ಜನವರಿಯಲ್ಲಿ ಹೋಗಲಿ. ಏಪ್ರಿಲ್ ತಿಂಗಳಲ್ಲಿ ಹೋಗಬೇಕಾದ ಜಾಗ ಸಂತೆ, ಜಾತ್ರೆ. ತೇರಿನ ದಿನ ಹೇಗೂ ಒಂದು ಫೈರ್ ಎಂಜಿನ್ ಬಂದು ದೇವಸ್ಥಾನದ ಪಕ್ಕ ನಿಂತಿರುತ್ತದೆ, ಚಪ್ಪರ ಇದೆ, ಪಟಾಕಿ ಇದೆ ಅಂತ. ಅದರ ಸಿಬ್ಬಂದಿ ನೆರಳಲ್ಲಿ ಕೂತು ಪಾನಕ ಕುಡಿಯುತ್ತಿರುವ ಹೊತ್ತಿನಲ್ಲಿ ಒಂದು ಹುಲ್ಲಿನ ಕಂತೆಗೆ ಬೆಂಕಿ ಹಚ್ಚಿ, ಎಳೆದು ಬಿಡಿಸಿ ಆರಿಸುವುದು ಹೇಗೆಂದು ತೋರಿಸಿದರೆ ನೋಡಲು ಜನರ ಕೊರತೆಯಾಗದು.

ಹೊಸ ಠಾಣಾಧಿಕಾರಿ ಬಂದ ತಿಂಗಳಲ್ಲಿ ಗ್ರಾಮ ಪಂಚಾಯಿತಿಯವರೂ ಅಪಾರ್ಟ್‌ಮೆಂಟ್ ಸಂಘದವರೂ ಹೂಗುಚ್ಛದ ಬದಲು ಒಂದು ಹಾಳೆ ಕೊಡಬಹುದು. ಬೇಸಿಗೆಯಲ್ಲೂ ಬತ್ತದ ನೀರು ಎಲ್ಲಿದೆ, ಅಲ್ಲಿಗೆ ದೊಡ್ಡ ವಾಹನ ಹೋಗುವ ದಾರಿ ಯಾವುದು, ಬೀಗದ ಕೈ ಯಾರ ಬಳಿ, ಅವರ ಫೋನ್ ನಂಬರ್ ಯಾವುದು, ತಂತಿ ಜೋತುಬಿದ್ದ ಹೊಲಗಳು ಯಾವುವು. ಜನವರಿಯಲ್ಲಿ ಆ ಹಾಳೆಯನ್ನು ಮತ್ತೊಮ್ಮೆ ತಿದ್ದಿ ಕೊಡಬೇಕು, ಏಕೆಂದರೆ ಹಿಂದಿನ ವರ್ಷದ ನೀರು ಈ ವರ್ಷ ಇರಬೇಕೆಂದಿಲ್ಲ. 112ಕ್ಕೋ 101ಕ್ಕೋ ಕರೆ ಮಾಡಿದವರು ಊರಿನ ಹೆಸರಷ್ಟೇ ಹೇಳಿ ಫೋನ್ ಇಡದೆ ತಾಲ್ಲೂಕು, ಹತ್ತಿರದ ಕ್ರಾಸು, ಉರಿಯುತ್ತಿರುವುದು ಏನು ಎಂಬುದನ್ನು ಹೇಳಲಿ. ಕರ್ನಾಟಕದಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಲೆಕ್ಕವಿಲ್ಲ.