ಬೇಟೆಗಾರರ ಹುಣ್ಣಿಮೆಯ ಬಿಡಾರ

ಇತಿಹಾಸವನ್ನು ಗ್ರಂಥಗಳಲ್ಲಿ ಓದುವುದು ಒಂದು ಬಗೆಯಾದರೆ, ಗತಕಾಲದ ಉಡುಪನ್ನು ಧರಿಸಿ, ಬಟ್ಟೆಯ ಡೇರೆಯಲ್ಲಿ ತಂಗಿ, ಸೌದೆಯ ಉರಿಯ ಮೇಲೆ ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿ, ನೋಡಬಂದವರಿಗೆ ಆ ಕಾಲದ ಬಾಳನ್ನು ವಿವರಿಸುವುದು ಮತ್ತೊಂದು ಬಗೆ. ಇದನ್ನೇ ಜೀವಂತ ಇತಿಹಾಸವೆಂದು ಕರೆಯುವರು.

ಇದಕ್ಕೊಂದು ನಿದರ್ಶನವುಂಟು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ವಾಬಾಶ್ ನದಿಯ ದಂಡೆಯ ಮೇಲೆ, ಫ್ರೆಂಚರು 1717ರಲ್ಲಿ ಊಯತೆನಾನ್ ಎಂಬ ಕೋಟೆಯನ್ನು ಸ್ಥಾಪಿಸಿದರು. ಅಲ್ಲಿ ಫ್ರೆಂಚ್ ವರ್ತಕರೂ ವೀಯ ಮೊದಲಾದ ಮೂಲನಿವಾಸಿಗಳೂ ತುಪ್ಪುಳುಚರ್ಮದ ವ್ಯಾಪಾರಕ್ಕಾಗಿ ಶರತ್ಕಾಲದಲ್ಲಿ ಕಲೆಯುತ್ತಿದ್ದುದರ ಸ್ಮರಣಾರ್ಥವಾಗಿ, ಟಿಪ್ಪೆಕನೂ ಕೌಂಟಿಯ ಇತಿಹಾಸ ಸಂಘವು 1968ರಲ್ಲಿ ‘ಬೇಟೆಗಾರರ ಹುಣ್ಣಿಮೆಯ ಹಬ್ಬ’ವನ್ನು ಆರಂಭಿಸಿತು.

ಈ ಉತ್ಸವದ ಆಧಾರಸ್ತಂಭ ಸ್ವಯಂಸೇವಕರು. ಕಮ್ಮಾರಿಕೆ, ನೂಲುವಿಕೆ, ನಗಾರಿ ಕೊಳಲುಗಳ ಮೇಳ ಮುಂತಾದವು ಪ್ರೇಕ್ಷಕರ ಕಣ್ಣಿಗೆ ಬೀಳುವುವಾದರೂ, ನೀರು ಹೊರುವುದು, ಸೌದೆ ಒದಗಿಸುವುದು, ದ್ವಾರದಲ್ಲಿ ಚೀಟಿ ಕೊಡುವುದು, ಮೈದಾನವನ್ನು ಶುಚಿಗೊಳಿಸುವುದು ಇವೇ ಹಬ್ಬದ ಬಿಡಾರವನ್ನು ನಡೆಸುವ ಕಾರ್ಯಗಳು. ಆಹಾರದ ಅಂಗಡಿಗಳನ್ನು ಸ್ಥಳೀಯ ಸೇವಾಸಂಸ್ಥೆಗಳು ನಡೆಸುವುದರಿಂದ, ಅಲ್ಲಿಯ ದುಡಿಮೆಯಿಂದ ಲೋಕೋಪಕಾರವೂ ಸಾಧಿತವಾಗುತ್ತದೆ. ವೇಷಧಾರಿಗಳು ನಾರುಬಟ್ಟೆ, ಉಣ್ಣೆಗಳ ಉಡುಪನ್ನು ತೊಟ್ಟು, ಕೈಗಡಿಯಾರ, ಪ್ಲಾಸ್ಟಿಕ್ ಮೊದಲಾದ ಆಧುನಿಕ ವಸ್ತುಗಳನ್ನು ಮರೆಮಾಡುವುದು ವಾಡಿಕೆ.

ಆದರೆ ವೇಷವೊಂದೇ ಇತಿಹಾಸವಲ್ಲ. 1791ರಲ್ಲಿ ಅಮೆರಿಕದ ಪಡೆ ಇಲ್ಲಿಯ ವೀಯ ಗ್ರಾಮಗಳನ್ನು ಸುಟ್ಟುಹಾಕಿತೆಂಬುದನ್ನೂ ಹೇಳದಿದ್ದರೆ ಹಬ್ಬವು ಬರಿಯ ವಿನೋದವಾದೀತು. ವ್ಯಾಪಾರದ ಸೌಹಾರ್ದವನ್ನು ವರ್ಣಿಸುವ ನಾಲಗೆಯಿಂದಲೇ ಆ ನಾಶವನ್ನೂ ನುಡಿಯಬಲ್ಲವನೇ ಇಂಥ ಬಿಡಾರಕ್ಕೆ ಯೋಗ್ಯನಾದ ಸ್ವಯಂಸೇವಕನು.