ಮಳೆಯಿಲ್ಲದ ದಿನ ಏರುವ ಹೊಳೆ

ದಾವಣಗೆರೆಯಿಂದ ಹರಿಹರ 14 ಕಿಲೋಮೀಟರ್. ಜುಲೈ, ಆಗಸ್ಟ್‌ನಲ್ಲೂ ಈ ದಾರಿಯಲ್ಲಿ ಒಮ್ಮೊಮ್ಮೆ ಹನಿ ಬಿದ್ದಿರುವುದಿಲ್ಲ. ಮೆಕ್ಕೆಜೋಳ ಬಾಡಿ ನಿಂತಿರುತ್ತದೆ. ಹರಿಹರದ ಸೇತುವೆಗೆ ಬಂದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಎರಡೂ ದಡ ಒತ್ತಿಕೊಂಡು ಓಡುವ ಕೆಂಪು ತುಂಗಭದ್ರೆ.

ಈ ನೀರು ಇಲ್ಲಿಯದಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ಹಿಡಿಯುವ ಜಲಾಶಯವಿದೆ. 186 ಅಡಿಯ ಗರಿಷ್ಠ ಮಟ್ಟ ಸಮೀಪಿಸುವ ತನಕ ಮಲೆನಾಡಿನ ಮಳೆಯನ್ನು ಅದು ತಡೆದುಕೊಳ್ಳುತ್ತದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು 3.24 ಟಿಎಂಸಿಯಷ್ಟು ಜಾಗ ಮಾತ್ರ. ಅದು ತುಂಬಿದ ಮೇಲೆ ಒಳಹರಿವು ಎಷ್ಟೋ ಹೊರಹರಿವೂ ಅಷ್ಟೇ. ಎರಡೂ ಕೂಡ್ಲಿಯಲ್ಲಿ ಒಂದಾಗಿ, ಹೊನ್ನಾಳಿ ದಾಟಿ ಇಲ್ಲಿಗೆ ಬರುತ್ತವೆ. ಅದಕ್ಕೇ ಮಳೆಗಾಲದಲ್ಲಿ ಹರಿಹರದ ಚಹಾದಂಗಡಿಗಳಲ್ಲಿ ಆಕಾಶದ ಮಾತಿಗಿಂತ ‘ಗಾಜನೂರಾಗೆ ಎಷ್ಟು ಬಿಟ್ಟಾರಂತೆ?’ ಎಂಬ ಮಾತೇ ಹೆಚ್ಚು.

ಹೊಯ್ಸಳರ ಕಾಲದ, 1224ರ ಹರಿಹರೇಶ್ವರ ದೇವಸ್ಥಾನವನ್ನೂ 1868ರ ಕಲ್ಲಿನ ಸೇತುವೆಯನ್ನೂ ನೋಡಲು ಬರುವವರು ಬಹಳ. ನನಗೆ ಮಾತ್ರ ಈ ಊರಿನ ನಿಜವಾದ ಕಥೆ ಗಂಗಾನಗರದಲ್ಲಿದೆ. ಹೊಳೆ ಉಕ್ಕಿದರೆ ಮೊದಲು ನೀರು ನುಗ್ಗುವುದು ಆ ತಗ್ಗಿನ ಮನೆಗಳಿಗೆ. ತಾಲ್ಲೂಕಿನ ಉಕ್ಕಡಗಾತ್ರಿಯಲ್ಲೂ ಅಷ್ಟೇ: ಕರಿಬಸವೇಶ್ವರನ ಸ್ನಾನಘಟ್ಟ ಮುಳುಗುತ್ತದೆ, ಫತ್ತೇಪುರದ ರಸ್ತೆ ಕಾಣದಾಗುತ್ತದೆ. ಹರಕೆ ಹೊತ್ತು ದೂರದಿಂದ ಬಂದವರಿಗೆ ನೀರಿನಡಿಯ ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ಗೊತ್ತಿರುವುದಿಲ್ಲ.

ಕೆಲವು ಅಪಾಯಗಳು ಸುಳಿವೇ ಕೊಡದೆ ಬರುತ್ತವೆ. ಸಿಯಾಚಿನ್‌ನಲ್ಲಿ 2016ರ ಫೆಬ್ರುವರಿ 3ರಂದು ಹಿಮ ಕುಸಿದು 10 ಯೋಧರು ಹೂತುಹೋದರು. ಆರನೇ ದಿನ ಜೀವಂತ ಸಿಕ್ಕ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಫೆಬ್ರುವರಿ 11ರಂದು ತೀರಿಕೊಂಡರು. ಆ ಯೋಧರಿಗೆ ಎದ್ದು ಓಡಲು ಗಳಿಗೆಯೂ ಸಿಗಲಿಲ್ಲ. ನಮ್ಮ ಹೊಳೆ ಹಾಗಲ್ಲ. ಗಾಜನೂರಿನ ಗೇಟು ದಾಟಿದ ನೀರು ಹರಿಹರ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಇಷ್ಟು ವೇಳೆ ಕೊಡುವ ಅಪಾಯಕ್ಕೆ ಒಂದು ಜೀವವೂ ಹೋಗಕೂಡದು. ಬಿಟ್ಟ ಕ್ಯೂಸೆಕ್‌ನ ಲೆಕ್ಕ ಕಚೇರಿಯಲ್ಲಿ ಉಳಿಯದೆ, ‘ರಾತ್ರಿ ಇಷ್ಟು ಹೊತ್ತಿಗೆ ನಿಮ್ಮ ಓಣಿಗೆ ನೀರು’ ಎಂಬ ಮಾತಾಗಿ ಮನೆಬಾಗಿಲಿಗೆ ಬರಬೇಕು. ಜೊತೆಗೆ, ಹೊಳೆ ಉಕ್ಕಿದಾಗ ಸೇರುವ ಕಾಳಜಿ ಕೇಂದ್ರದಿಂದ ಮತ್ತೆ ಅದೇ ತಗ್ಗಿಗೆ ಮರಳುವ ಕುಟುಂಬಗಳಿಗೆ ಎತ್ತರದಲ್ಲಿ ಸ್ವಂತದ ಜಾಗ ಸಿಗಬೇಕು.

ಬೇಸಿಗೆಯಲ್ಲಿ ಇದೇ ಹೊಳೆ, ದಾವಣಗೆರೆಗೆ ನೀರೆತ್ತುವ ರಾಜನಹಳ್ಳಿಯ ಪಂಪ್‌ಹೌಸ್ ಬಳಿ ಸೊರಗುತ್ತದೆ. ಆಗ ದಾವಣಗೆರೆಯ ನಲ್ಲಿಗಳೂ ಭದ್ರೆ ನೀರು ಬಿಟ್ಟಾರೇ ಎಂದು ಕಾಯುತ್ತವೆ.